ಜಲಜಕ್ಕನ ಸುರ್ರ್ ಮತ್ತು ನನ್ನ ಕರ್ಚೀಫು

ಕಳೆದ ವಾರ ಕಳಸದಿಂದ ಮೂಡಿಗೆರೆಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಅಜ್ಜಿ ಕೈಚೀಲದಿಂದ ಕಿರುಬೆರಳಿನಷ್ಟು ದೊಡ್ಡ ಸೀಸೆಯೊಂದನ್ನು ತೆಗೆದರು. ನಾಲ್ಕು ಹನಿ ನೀಲಗಿರಿ ಎಣ್ಣೆಯನ್ನು ಕರ್ಚೀಫಿಗೆ ಬಿಟ್ಟುಕೊಂಡು, ಕಣ್ಣು ಮುಚ್ಚಿ, ಎದೆಯ ತಳ ಮುಟ್ಟುವ ಹಾಗೆ ಒಮ್ಮೆ ಎಳೆದರು. ಅವರಿಗೆ ಹಾಯೆನಿಸಿತು. ನಾನು ಮಾತ್ರ ಮುಖ ಕಿವುಚಿದೆ. ಕಿಟಕಿಯ ಗಾಜು ಸರಿಸಲು ನೋಡಿದೆ; ನಮ್ಮ ಕಡೆಯ ಬಸ್ಸುಗಳ ಕಿಟಕಿ ಮಳೆ ಬಂದಾಗ ಮುಚ್ಚುವುದಿಲ್ಲ, ಗಾಳಿ ಬೇಕಾದಾಗ ತೆರೆಯುವುದಿಲ್ಲ. ನೀಲಗಿರಿ ಎಣ್ಣೆಗೆ ಹೆದರುವ ಗಂಡಸು ಎಂದರೆ ನಿಮಗೆ ನಗು ಬರಬಹುದು. ನಗಿ. ನೆಗಡಿಯೊಂದನ್ನು ಬಿಟ್ಟರೆ ಈ ಲೋಕದಲ್ಲಿ ಆ ಎಣ್ಣೆಗೆ ಹೆದರುವುದು ನಾನೊಬ್ಬನೇ.

ಯಾಕೆ ಎಂದು ಹೇಳುವ ಮೊದಲು ನನ್ನ ಕಸುಬು ಹೇಳಿಬಿಡುತ್ತೇನೆ. ಅಣಕ. ಹುಟ್ಟಿದಾಗ ಎಲ್ಲ ಮಕ್ಕಳೂ ತಮ್ಮ ದನಿಯಲ್ಲಿ ಅತ್ತರೆ ನಾನು ಪಕ್ಕದ ಮಂಚದ ಮಗುವಿನ ದನಿಯಲ್ಲಿ ಅತ್ತೆನಂತೆ. ಇದು ಅಮ್ಮನ ಆರೋಪ, ಸಾಕ್ಷಿ ಇಲ್ಲ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಮ್ಮುವುದು, ಮೇಸ್ತ್ರಿ ಹಾಜರಿ ಕೂಗುವುದು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ, ಚಳಿಗೆ ಸ್ಟಾರ್ಟ್ ಆಗದ ಪಲ್ಪರ್ ಮೋಟಾರು ಮೂರು ಸಲ ಗೊಣಗಿ ನಾಲ್ಕನೆಯ ಸಲ ಹೊಡೆದುಕೊಳ್ಳುವುದು, ಎಲ್ಲವೂ ನನ್ನ ಗಂಟಲಲ್ಲಿತ್ತು. ಬಿ.ಕಾಂ. ಎರಡನೇ ವರ್ಷದಲ್ಲಿ ಒಮ್ಮೆ ಮೈಕಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ ರಜೆ ಘೋಷಿಸಿದೆ. ಹತ್ತು ನಿಮಿಷದಲ್ಲಿ ಕಾಲೇಜು ಖಾಲಿಯಾಯಿತು. ಮರುದಿನ ಕಾಲೇಜು ಮತ್ತೆ ತುಂಬಿತು, ನಾನೊಬ್ಬ ಖಾಲಿಯಾದೆ. ಇಷ್ಟೆಲ್ಲ ದನಿಗಳಿದ್ದ ನನಗೆ ಸ್ವಂತದ್ದೊಂದು ಇದೆಯೇ ಎಂದು ಯಾರೂ ಕೇಳಿರಲಿಲ್ಲ. ನಾನಂತೂ ಕೇಳಿಕೊಂಡಿರಲೇ ಇಲ್ಲ.

ಹೀಗೆ ಖಾಲಿಯಾದವನನ್ನು ಕೆಲಸಕ್ಕೆ ಕರೆದದ್ದು ಜಲಜಕ್ಕ. ಮೂಡಿಗೆರೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿಯ ಮಹಡಿಯ ಮೇಲೆ ಸಣ್ಣ ಬೆಳೆಗಾರರ ಸಂಘವೊಂದಿತ್ತು, ಈಗಲೂ ಇದೆ. ಎರಡು ಎಕರೆ, ಮೂರು ಎಕರೆಯವರು ತಂದ ಕಾಫಿಯ ರುಚಿ ನೋಡಿ, ಒಳ್ಳೆಯದನ್ನು ಬೇರೆ ಮಾಡಿ, ಬೆಳೆದವರ ಹೆಸರು ಹಾಕಿಯೇ ದೂರದ ಖರೀದಿದಾರರಿಗೆ ಕಳಿಸುವುದು ಸಂಘದ ಕೆಲಸ. ರುಚಿ ನೋಡುವ ನಾಲಿಗೆ ಜಲಜಕ್ಕನದು. ಅವರ ನಾಲಿಗೆ ಪಾಸು ಎಂದರೆ ಪಾಸು. ಬಟ್ಟಲು ತೊಳೆಯುವುದು, ನೀರು ಕಾಯಿಸುವುದು, ಪುಡಿ ತೂಗುವುದು ನನ್ನ ಪಾಲು. ರುಚಿ ಕೋಣೆಯ ಬಾಗಿಲಿಗೆ ಅವರೇ ಸೀಮೆಸುಣ್ಣದಲ್ಲಿ ಬರೆದಿದ್ದರು: 'ಹೂವು, ಪೌಡರು, ಸೆಂಟು, ಎಲೆಅಡಿಕೆ, ಬೆಳ್ಳುಳ್ಳಿ, ನೆಗಡಿ, ಇಷ್ಟನ್ನು ಹೊರಗೆ ಬಿಟ್ಟು ಒಳಗೆ ಬನ್ನಿ.' ನೆಗಡಿಯನ್ನು ಚಪ್ಪಲಿಯ ಹಾಗೆ ಹೊರಗೆ ಬಿಡುವುದು ಹೇಗೆ ಎಂದು ಮೊದಲ ದಿನವೇ ಕೇಳಿದ್ದೆ. "ನೆಗಡಿ ಜೊತೆ ನೀನೂ ಹೊರಗೇ ಉಳಿ ಮಾರಾಯ" ಎಂದಿದ್ದರು.

ಕಾಫಿಯ ರುಚಿ ನೋಡುವುದನ್ನು ನೀವು ನೋಡಿಲ್ಲವಾದರೆ ಒಮ್ಮೆ ನೋಡಬೇಕು. ಒಬ್ಬೊಬ್ಬರ ಕಾಫಿಗೆ ಐದೈದು ಬಟ್ಟಲು. ಪುಡಿಯ ಮೇಲೆ ಬಿಸಿನೀರು ಹೊಯ್ದು ಬಿಟ್ಟರೆ ಮೇಲೊಂದು ನೊರೆಯ ಕೆನೆ ಕಟ್ಟುತ್ತದೆ. ಅದನ್ನು ಚಮಚದಿಂದ ಸೀಳಿ ಮೂಗನ್ನು ಬಟ್ಟಲೊಳಗೇ ಇಳಿಸಬೇಕು. ಆರಿದ ಮೇಲೆ ಒಂದು ಚಮಚ ಎತ್ತಿ ಸುರ್ರ್ ಎಂದು ಎಳೆದು, ಬಾಯೆಲ್ಲ ಚಿಮ್ಮಿಸಿ, ಡಬ್ಬಕ್ಕೆ ಉಗಿಯಬೇಕು. ಸದ್ದು ಜೋರಾದಷ್ಟೂ ರುಚಿ ಚೆನ್ನಾಗಿ ತಿಳಿಯುತ್ತದೆ. ನಮ್ಮ ಮನೆಯಲ್ಲಿ ಯಾವುದಕ್ಕೆ ಬೆನ್ನಿಗೆ ಬೀಳುತ್ತಿತ್ತೋ ಅದಕ್ಕೆ ಇಲ್ಲಿ ಸಂಬಳ! ಬಂದ ಒಂದು ವಾರಕ್ಕೇ ಎಲ್ಲರ ಸುರ್ರ್ ನನಗೆ ಬಾಯಿಪಾಠವಾಗಿತ್ತು. ಸಂಘದ ಅಧ್ಯಕ್ಷರದು ಟೈರಿನಿಂದ ಗಾಳಿ ಹೋದ ಹಾಗೆ. ಚಿಕ್ಕಮಗಳೂರಿನಿಂದ ಬರುತ್ತಿದ್ದ ಆಫೀಸರೊಬ್ಬರದು ಕರು ಹಾಲು ಕುಡಿದ ಹಾಗೆ.

ನನಗೆ ಒಲಿಯದೆ ಉಳಿದದ್ದು ಜಲಜಕ್ಕನ ಸುರ್ರ್ ಒಂದೇ. ಅದು ಹರಿತವಾಗಿ ಶುರುವಾಗಿ, ಕೊನೆಯಲ್ಲಿ ಕೂದಲೆಳೆಯಷ್ಟು ಸಣ್ಣ ಸೀಟಿಯಾಗಿ ಮುಗಿಯುತ್ತಿತ್ತು. ಸುರ್ರ್... ಸುಂಯ್. ಎಷ್ಟು ಹೆಣಗಿದರೂ ನನ್ನದು ಸುರ್ರಿನಲ್ಲೇ ನಿಲ್ಲುತ್ತಿತ್ತು. ಮುಂದಿನ ಹಲ್ಲುಗಳ ನಡುವೆ ಸಂದಿ ಇರಬೇಕೆಂದು ಗುಮಾನಿಪಟ್ಟು, ಅವರು ನಕ್ಕಾಗಲೆಲ್ಲ ಬಗ್ಗಿ ನೋಡಿದೆ. ಜೋಳದ ತೆನೆಯ ಹಾಗೆ ಒತ್ತೊತ್ತು ಹಲ್ಲು. "ಎಂಥದಾ ಹಲ್ಲಿನ ಡಾಕ್ಟ್ರ ಹಂಗೆ ನೋಡೋದು?" ಎಂದು ಒಂದು ದಿನ ಗದರಿದರು.

ಹೊಸ ಬೆಳೆಗಾರರು ಬಂದಾಗಲೆಲ್ಲ ಜಲಜಕ್ಕ ಹೇಳುತ್ತಿದ್ದ ಒಂದು ಮಾತಿತ್ತು. ಅದನ್ನು ಅವರದೇ ದನಿಯಲ್ಲಿ ನಾನು ಕೆಳಗಿನ ಕ್ಯಾಂಟೀನಿನಲ್ಲಿ ನೂರು ಸಲ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ: "ನಮ್ಮಪ್ಪ ಕಳಸದ ಹತ್ರ ಎಸ್ಟೇಟಲ್ಲಿ ಮೆಣಸು ಕುಯ್ಯೋಕೆ ಏಣಿ ಹತ್ತಿದವರು ಬಿದ್ದು ಸೊಂಟ ಮುರ್ಕೊಂಡ್ರು. ನಾನು ಎಸ್ಸೆಸ್ಸೆಲ್ಸಿ ಬಿಟ್ಟೆ. ನಮ್ಮನೇಲಿ ಕುಡೀತಿದ್ದದ್ದು ಕಣದಲ್ಲಿ ಬಿಸಾಡೋ ಕಾಫಿ. ಹುಳ ತಿಂದದ್ದು, ಬೂಷ್ಟು ಹಿಡಿದದ್ದು, ಹುಳಿ ಬಂದದ್ದು, ಮಣ್ಣು ನಾರೋದು. ಕಾಫಿಗೆ ಎಷ್ಟು ರೋಗ ಇದಾವೋ ಅಷ್ಟೂ ನಂಗೆ ಚಿಕ್ಕೋಳಿದ್ದಾಗ್ಲೇ ಗೊತ್ತು. ಒಳ್ಳೆ ಕಾಫಿ ಹೆಂಗಿರುತ್ತೆ ಅನ್ನೋದನ್ನ ಮಾತ್ರ ಬೇರೆಯೋರು ಕಲಿಸ್ಬೇಕಾಯ್ತು." ಕಲಿಸಿದವರು ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ರುಚಿ ನೋಡುತ್ತಿದ್ದ ಕಾಸಿಂ ಸಾಹೇಬರು. ಚಿಕ್ಕಮ್ಮನ ಜೊತೆ ಅಲ್ಲಿಗೆ ಕಾಳು ಆರಿಸಲು ಹೋದ ಹುಡುಗಿ ಸಾಲಿನಲ್ಲಿ ಕೂತು ಒಂದೊಂದು ಕೆಟ್ಟ ಕಾಳನ್ನೂ ಎತ್ತಿ ಮೂಸಿ ನೋಡುತ್ತಿದ್ದಳಂತೆ. "ಮಲ್ಲಿಗೆ ಮೂಸಿದ ಹಂಗೆ ಮೂಸ್ತಾಳೆ ನೋಡಿ" ಎಂದು ಉಳಿದ ಹೆಂಗಸರು ನಗುವಾಗ ಸಾಹೇಬರು ನಿಂತು ನೋಡಿ, ಬಟ್ಟಲು ತೊಳೆಯಲು ರುಚಿ ಕೋಣೆಗೆ ಕರೆದುಕೊಂಡರಂತೆ. ಕ್ಯಾಂಟೀನಿನಲ್ಲಿ 'ಹುಳ ತಿಂದದ್ದು, ಬೂಷ್ಟು ಹಿಡಿದದ್ದು' ಎಂದು ನಾನು ಬೆರಳು ಮಡಚಿ ಎಣಿಸುವಾಗ ಜನ ಬಿದ್ದು ಬಿದ್ದು ನಗುತ್ತಿದ್ದರು. ಎಣಿಸುತ್ತಿದ್ದದ್ದು ಒಂದು ಹುಡುಗಿಯ ಬೆಳಗಿನ ತಿಂಡಿಯನ್ನು ಎಂದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ.

ಈಗ ಆ ದಿನಕ್ಕೆ ಬರುತ್ತೇನೆ. ಮಾರ್ಚ್ ತಿಂಗಳು. ಏಳು ಜನರ ಕಾಫಿ ಮೇಜಿನ ಮೇಲಿತ್ತು. ಪಾಸಾದದ್ದು ಸಂಘದ ಮೊದಲ ದೊಡ್ಡ ಆರ್ಡರಿಗೆ ಸೇರುತ್ತದೆ, ಉಳಿದದ್ದು ಎಂದಿನಂತೆ ವ್ಯಾಪಾರಿಯ ಗುಡ್ಡೆಗೆ. ನಾಲ್ಕನೆಯದು ಜಾವಳಿಯ ಲಕ್ಷ್ಮಣಣ್ಣನದು. ಅವರ ಅಪ್ಪನ ಕಾಲದಿಂದ ಆ ಮನೆಯವರು ಹಣ್ಣು, ಕಾಯಿ ಎನ್ನದೆ ಬರಗಿ ಒಣಗಿಸಿ ಮಾರಿದವರು. ಆ ವರ್ಷ ಮಾತ್ರ ಜಲಜಕ್ಕನ ಮಾತಿಗೆ ಕಟ್ಟುಬಿದ್ದು, ಕೆಂಪು ಹಣ್ಣನ್ನಷ್ಟೇ ಕೊಯ್ಯಿಸಿ, ಸಿಪ್ಪೆ ಸುಲಿಸಿ, ತೊಳೆದು, ಒಳಹೊಟ್ಟಿನ ಸಮೇತ ಒಣಗಿಸಿ ಪಾರ್ಚ್‌ಮೆಂಟ್ ಮಾಡಿದ್ದರು. ಅವರ ಹೆಂಡತಿ ಶಾರದಕ್ಕ ನೆಂಟರಿಗೆಂದು ಇಟ್ಟ ಹೊಸ ಜಮಖಾನವನ್ನು ಇಬ್ಬನಿ ಬೀಳದ ಹಾಗೆ ಕಾಫಿಗೆ ಹೊದಿಸಿದ್ದರು. ಊರವರು ಕೇಳಿದ್ದರಂತೆ, "ಬಾಣಂತಿಗೂ ಇಷ್ಟು ಆರೈಕೆ ಮಾಡಿರ್ಲಿಲ್ಲವಲ್ಲ ಲಕ್ಷ್ಮಣ?"

ಆ ದಿನ ನನಗೆ ನೆಗಡಿ. ಹೊರಗೆ ಉಳಿಯಬೇಕಿತ್ತು. ಆದರೆ ಅಧ್ಯಕ್ಷರು, ಸಮಿತಿ, ಬೆಳೆಗಾರರು ಎಲ್ಲ ಬರುವ ದಿನ. ಅಷ್ಟು ಹೊಸ ದನಿಗಳು ಒಂದೇ ಕಡೆ ಸಿಗುವಾಗ ಮನೆಯಲ್ಲಿ ಮಲಗುವುದುಂಟೇ? ಅಮ್ಮ ಕರ್ಚೀಫಿಗೆ ನೀಲಗಿರಿ ಎಣ್ಣೆ ಹಾಕಿಕೊಟ್ಟಳು. ದಾರಿಯುದ್ದಕ್ಕೂ ಮೂಸಿ, ಮಡಚಿ ಜೇಬಿಗಿಟ್ಟು, ಕೈ ತೊಳೆದುಕೊಂಡೆ. ಬಟ್ಟಲುಗಳನ್ನು ತೊಳೆದು ಬಿಸಿಲಿಗೆ ಬೋರಲು ಹಾಕಬೇಕು, ತಾವಾಗಿಯೇ ಒಣಗಬೇಕು, ಬಟ್ಟೆ ಮುಟ್ಟಿಸಬಾರದು. ಇದು ಜಲಜಕ್ಕನ ಕಾನೂನು. ಆದರೆ ಕೆಳಗೆ ಕ್ಯಾಂಟೀನಿನಲ್ಲಿ ಜಲಜಕ್ಕ ಪ್ರತಿ ಸಲವೂ ಅಧ್ಯಕ್ಷರಿಗೆ ಬಾಯಿ ಮುಕ್ಕಳಿಸಿ ಬರಲು ಹೇಳುವ ದೃಶ್ಯವನ್ನು ನಾನು ಅಭಿನಯಿಸಬೇಕಾಗಿ ಬಂತು. ಒಂದಲ್ಲ, ಎರಡು ಸಲ. ಎರಡನೆಯದು ತಡವಾಗಿ ಬಂದವರ ಬೇಡಿಕೆಯ ಮೇರೆಗೆ. ಮೇಲೆ ಓಡಿ ಬಂದಾಗ ಕೊನೆಯಲ್ಲಿ ತೊಳೆದ ಐದು ಬಟ್ಟಲು ಇನ್ನೂ ಒದ್ದೆ. ಜೇಬಿಗೆ ಕೈ ಹಾಕಿದೆ. ಕರ್ಚೀಫು ಸಿಕ್ಕಿತು. ಒರೆಸಿದೆ. ಆ ಐದು ಬಟ್ಟಲು ಹೋಗಿ ಕೂತದ್ದು ನಾಲ್ಕನೆಯ ಸಾಲಿಗೆ. ಮೂಗು ಕಟ್ಟಿದ್ದ ನನಗೆ ಲೋಕವೆಲ್ಲ ನಿರ್ಮಲವಾಗಿತ್ತು.

ಜಲಜಕ್ಕ ಬಾಗಿಲಲ್ಲೇ ನಿಂತು ಮೂಗು ಅರಳಿಸಿದರು. "ಎಂಥದೋ ವಾಸನೆ ಬಂತಲ್ಲ." ಅಧ್ಯಕ್ಷರ ಕಡೆ ತಿರುಗಿ, "ಗೌಡ್ರೆ, ಎಲೆಅಡಿಕೆ ಹಾಕಿದೀರಾ?" ಎಂದರು.

"ಒಂದೇ ಒಂದು, ಊಟ ಆದ್ಮೇಲೆ..."

"ಮುಕ್ಕಳಿಸಿ ಬನ್ನಿ. ತಲೆಗೆ ಹಾಕಿರೋ ಎಣ್ಣೆಗೆ ಏನೂ ಮಾಡೋಕಾಗಲ್ಲ, ಆ ಕಿಟಕಿ ಹತ್ರ ನಿಂತ್ಕೊಳ್ಳಿ."

ಸಂಘದ ಅಧ್ಯಕ್ಷರು ನಲ್ಲಿಯ ಹತ್ತಿರ ಗೊಳಗೊಳ ಎನ್ನುವುದನ್ನು ಕೇಳುತ್ತ ನಾನು ಒಳಗೊಳಗೇ ಆ ದನಿಯನ್ನು ಅಭ್ಯಾಸ ಮಾಡುತ್ತಿದ್ದೆ. ಕಳ್ಳನ ಜೇಬಿನಲ್ಲಿ ಮಾಲು, ಬಾಯಲ್ಲಿ ಸಂಗೀತ.

ಒಂದು, ಎರಡು, ಮೂರು ಮುಗಿದವು. ನಾಲ್ಕನೆಯ ಸಾಲಿನಲ್ಲಿ ಜಲಜಕ್ಕ ನಿಂತುಬಿಟ್ಟರು. ಸುರ್ರ್... ಸುಂಯ್. ಉಗಿದರು. ಮತ್ತೊಂದು ಬಟ್ಟಲು. ಮತ್ತೊಂದು. ಐದೂ ನೋಡಿ ಚಮಚ ಕೆಳಗಿಟ್ಟರು. "ಲಕ್ಷ್ಮಣಣ್ಣ, ಬೇಜಾರು ಮಾಡ್ಕೋಬೇಡಿ. ಐದರಲ್ಲೂ ಔಷಧಿ ವಾಸನೆ ಇದೆ. ಇದನ್ನ ಸೇರಿಸಿದ್ರೆ ಉಳಿದೋರ ಮಾಲೂ ಕೆಡುತ್ತೆ." ಕಾಫಿಗೆ ಅಂಥದ್ದೊಂದು ರೋಗ ಬರುವುದುಂಟು, ಆಸ್ಪತ್ರೆಯ ವರಾಂಡದ ಹಾಗೆ ನಾರುತ್ತದೆ. ಬಂದರೆ ಮದ್ದಿಲ್ಲ.

ಲಕ್ಷ್ಮಣಣ್ಣ ಟೋಪಿ ತೆಗೆದು ಒಮ್ಮೆ ಕೊಡವಿ ಮತ್ತೆ ಹಾಕಿಕೊಂಡರು. ಬಾಗಿಲ ಹತ್ತಿರ ಹೋಗಿ ತಿರುಗಿ, "ನಾನು ಎಂಥ ಔಷಧಿನೂ ಹೊಡೆದಿಲ್ಲ ಜಲಜಮ್ಮ. ದೇವ್ರಾಣೆ" ಎಂದರು. ಯಾರೋ ಹಿಂದಿನಿಂದ, "ಜಮಖಾನಕ್ಕೆ ಹಾಕಿದ ನುಸಿಗುಳಿಗೆ ಇರ್ಬೇಕು ಬಿಡಿ" ಎಂದು ನಕ್ಕರು. ನಾನೂ ನಕ್ಕೆ. ಅಷ್ಟೇ ಆಗಿದ್ದರೆ ತೊಂದರೆಯಿರಲಿಲ್ಲ. ಆ ಸಂಜೆ ಕ್ಯಾಂಟೀನಿನಲ್ಲಿ 'ದೇವ್ರಾಣೆ'ಯನ್ನು ಅವರದೇ ಗಂಟಲಲ್ಲಿ ಹೇಳಿ ತೋರಿಸಿದೆ. ತುಂಬ ಚೆನ್ನಾಗಿ ಬಂದಿತ್ತು, ಆ ದರಿದ್ರದ್ದು.

ಮರುದಿನ ಬೆಳಿಗ್ಗೆ ಅಮ್ಮ ಬಟ್ಟೆ ತೊಳೆಯುವ ಕಲ್ಲಿನ ಹತ್ತಿರದಿಂದ ಕೂಗಿದಳು: "ಇದೆಂಥ ಕರ್ಚೀಫಾ ನಿಂದು? ನೀಲಗಿರಿ ತೋಪನ್ನೇ ಜೇಬಲ್ಲಿ ಇಟ್ಕೊಂಡಂಗಿದೆ. ಕಾಫಿ ಪುಡಿ ಬೇರೆ ಮೆತ್ತಿದೆ!"

ಅಷ್ಟು ಹೊತ್ತಿಗೆ ನೆಗಡಿ ಇಳಿದಿತ್ತು. ಹೋಗಿ ಮೂಸಿದೆ. ಆಸ್ಪತ್ರೆಯ ವರಾಂಡ. ಹಲ್ಲುಜ್ಜುತ್ತಿದ್ದ ಬ್ರಷ್ಷು ಬಾಯಲ್ಲೇ ನಿಂತಿತು. ಲಕ್ಷ್ಮಣಣ್ಣ ಹೊರಡುವಾಗ, ನಾಳೆ ಹತ್ತು ಗಂಟೆಗೆ ವ್ಯಾಪಾರಿಯ ಪಿಕಪ್ ಕರೆಸಿ ಎಲ್ಲ ಮೂಟೆಯನ್ನೂ ಕಳಿಸಿಬಿಡುತ್ತೇನೆ ಎಂದು ಯಾರ ಹತ್ತಿರವೋ ಹೇಳಿದ್ದು ನೆನಪಾಯಿತು. ಒಮ್ಮೆ ವ್ಯಾಪಾರಿಯ ಗುಡ್ಡೆಗೆ ಸುರಿದರೆ ಮುಗಿಯಿತು, ಒಂದು ಚಳಿಗಾಲದ ಆರೈಕೆಯನ್ನು ಕಾಳು ಕಾಳಾಗಿ ಹೆಕ್ಕಿ ತರುವವರು ಯಾರು? ಆಗ ಗಂಟೆ ಎಂಟು.

ಜಲಜಕ್ಕನ ಮನೆಯ ಅಂಗಳಕ್ಕೆ ಸ್ಕೂಟರ್ ನುಗ್ಗಿಸಿದಾಗ ಅವರು ಕೋಳಿಗೆ ಅಕ್ಕಿ ಹಾಕುತ್ತಿದ್ದರು. ಹೇಳಲು ಬಾಯಿ ತೆರೆದೆ. ಏನು ಹೊರಟಿತು ಗೊತ್ತೇ? ಅಧ್ಯಕ್ಷರ ದನಿ. "ಏನಾಯ್ತಪ್ಪಾ ಅಂದ್ರೆ, ಸಭೆಯ ಗಮನಕ್ಕೆ ತರೋದೇನಂದ್ರೆ..." ಹೆದರಿದಾಗ ನನ್ನ ಗಂಟಲು ಎದುರು ಸಿಕ್ಕ ದನಿಯೊಳಗೆ ಹೋಗಿ ಅಡಗಿಕೊಳ್ಳುತ್ತದೆ. ಕೆಮ್ಮಿ ಮತ್ತೆ ಶುರುಮಾಡಿದೆ. ಈ ಸಲ ಎಸ್ಟೇಟ್ ರೈಟರ್ ಬಂದರು. "ಮೇಡಮ್ಮೋರೆ, ಒಂದು ಸಣ್ಣ ಮಿಸ್ಟೇಕು..."

ಜಲಜಕ್ಕ ಅಕ್ಕಿಯ ಮೊರ ಕೆಳಗಿಟ್ಟರು. "ನಿನ್ನ ಸ್ವಂತ ಗಂಟ್ಲಲ್ಲಿ ಹೇಳು ಮಾರಾಯ. ಇದೆ ತಾನೆ ಒಂದು?"

ಇತ್ತು. ತುಂಬ ದಿನ ಬಳಸದೆ ಇಟ್ಟ ಕೊಡೆಯ ಹಾಗೆ ಕಿರ್ರ್ ಎಂದಿತು, ಆದರೆ ಬಿಚ್ಚಿಕೊಂಡಿತು. ನೆಗಡಿ, ಕ್ಯಾಂಟೀನು, ಕರ್ಚೀಫು, 'ದೇವ್ರಾಣೆ'ಯನ್ನು ಅಣಕಿಸಿದ್ದು, ಎಲ್ಲವನ್ನೂ ಹೇಳಿದೆ. ಕೋಳಿಗಳು ಮಾತ್ರ ಏನೂ ಆಗದವರ ಹಾಗೆ ಅಕ್ಕಿ ಹೆಕ್ಕುತ್ತಿದ್ದವು. ಬಯ್ಗುಳಕ್ಕೆ ಕಾದೆ, ಅವರ ಬಯ್ಗುಳ ನನಗೆ ಚೆನ್ನಾಗಿ ಬರುತ್ತಿತ್ತು, ಆದ್ದರಿಂದ ಮೊದಲೇ ಮನಸ್ಸಿನಲ್ಲಿ ಕೇಳಿಸಿಕೊಂಡೂ ಆಗಿತ್ತು. ಅವರು ಬಯ್ಯಲಿಲ್ಲ. ಒಳಗೆ ಹೋಗಿ ಸೆರಗು ಸಿಕ್ಕಿಸಿಕೊಂಡು ಬಂದರು. "ಗಾಡಿ ತಿರುಗ್ಸು. ಸಂಘಕ್ಕೆ ಹೋಗಿ ಬೇರೆ ಬಟ್ಲು, ಉಳಿದ ಪುಡಿ ತಗೊಂಡು ಜಾವಳಿಗೆ. ಬೇಗ."

ಮಡಿಲಲ್ಲಿ ಐದು ಬಟ್ಟಲಿನ ಬುಟ್ಟಿ ಇಟ್ಟುಕೊಂಡು ಹಿಂದೆ ಕೂತ ಜಲಜಕ್ಕ, ಮುಂದೆ ನಾನು. ತಿರುವಿನಲ್ಲೆಲ್ಲ ಬಟ್ಟಲುಗಳು ಕಿಣಿಕಿಣಿ ಎನ್ನುತ್ತಿದ್ದವು. ಗಾಳಿಗೆ ಕೇಳಲೆಂದು ಅವರು ನನ್ನ ಕಿವಿಯ ಹತ್ತಿರ ಕೂಗಿ ಹೇಳತೊಡಗಿದರು. ಅಲ್ಲಿಯವರೆಗೆ ಯಾವ ಬೆಳೆಗಾರರಿಗೂ ಹೇಳದ ಕತೆ.

"ಸಾಹೇಬ್ರು ನನ್ನ ರುಚಿ ಕೋಣೆಗೆ ಕರೆದ್ರಲ್ಲ, ಮೊದಲ್ನೇ ದಿನ. ಖುಷಿಗೆ ತಲೆ ತುಂಬ ಮಲ್ಲಿಗೆ ಮುಡ್ಕೊಂಡು ಹೋದೆ ಕಣಾ. ಅವ್ರಿಗೆ ಆವತ್ತು ಒಂದು ಕಾಫಿ ಭಾರಿ ಹಿಡಿಸ್ತು. ಮಲ್ಲಿಗೆ ಪರಿಮಳ, ಇಂಥದ್ದು ನೋಡೇ ಇಲ್ಲ ಅಂತ ಬರೆದು ಧಣಿಗಳಿಗೂ ಹೇಳಿಬಿಟ್ರು. ಬಟ್ಲು ಇಡುವಾಗ ಬಗ್ಗಿದ್ದು ನಾನು, ಹೂ ಇದ್ದದ್ದು ನನ್ನ ತಲೇಲಿ. ಮಾರನೇ ದಿನ ಹೂ ಇಲ್ಲ, ಪರಿಮಳನೂ ಇಲ್ಲ!"

"ಆಮೇಲೆ?"

"ರಸ್ತೆ ನೋಡು! ಆಮೇಲೆ ಎಂಥ, ಹೋಗಿ ಹೇಳಿದೆ. ಕೆಲಸ ಹೋದ್ರೆ ಅಪ್ಪನ ಮಾತ್ರೆಗೆ ಗತಿಯಿಲ್ಲ. ಹೇಳದೆ ಇದ್ರೆ ಸಾಹೇಬ್ರ ಮರ್ಯಾದೆ ಹೋಗುತ್ತೆ. ಅವ್ರು ಎದ್ದು ಸೀದಾ ಧಣಿಗಳ ಹತ್ರ ಹೋಗಿ, ನನ್ನ ಮೂಗು ತಪ್ಪಿತು ಅಂದ್ರು. ನನ್ನ ಹೆಸರು ಬಾಯಿಗೇ ತರ್ಲಿಲ್ಲ. ವಾಪಸ್ ಬಂದು ನಂಗೆ ಹೇಳಿದ್ರು, ಬೇರೆಯೋರ ವಾಸನೆ ಹಿಡಿಯೋರು ಬೇಕಾದಷ್ಟು ಜನ ಸಿಗ್ತಾರೆ ಮಗಳೇ, ತನ್ನ ವಾಸನೆ ತಾನೇ ಹೇಳೋರು ಸಿಗಲ್ಲ. ನಾಳೆಯಿಂದ ಚಮಚ ಹಿಡಿ."

ಗಾಳಿಗೋ ಏನೋ ನನ್ನ ಕಣ್ಣಲ್ಲಿ ನೀರು ಬಂತು. ಗಾಳಿಗೇ ಎಂದು ಇಟ್ಟುಕೊಳ್ಳೋಣ. ಜೊತೆಗೇ ಸಣ್ಣದೊಂದು ಆಸೆಯೂ ಬಂತು: ಹಾಗಾದರೆ ನನಗೂ ನಾಳೆಯಿಂದ ಚಮಚ!

ಲಕ್ಷ್ಮಣಣ್ಣನ ಅಂಗಳದಲ್ಲಿ ಪಿಕಪ್ ನಿಂತಿತ್ತು. ಮೂರು ಮೂಟೆ ಮೇಲೆ ಹೋಗಿದ್ದವು, ನಾಲ್ಕನೆಯದು ಲೋಡರ್‌ನ ಹೆಗಲ ಮೇಲಿತ್ತು. ಶಾರದಕ್ಕ ಮನೆಯ ಡ್ರಮ್ಮು, ಬುಟ್ಟಿ, ಜಮಖಾನ ಎಲ್ಲವನ್ನೂ ಅಂಗಳಕ್ಕೆ ಹಾಕಿ ಒಂದೊಂದನ್ನೂ ಮೂಸಿ ನೋಡುತ್ತಿದ್ದರು. ಬೆಳಗಿನಿಂದ ಔಷಧಿ ಹುಡುಕುತ್ತಿದ್ದರಂತೆ. ಅದನ್ನು ನೋಡಿದಾಗ ನನಗೆ ಸ್ಕೂಟರಿನ ಹಿಂದೆ ಅಡಗಬೇಕೆನಿಸಿತು. ಸ್ಕೂಟರು ಸಣ್ಣದು.

"ಆ ಮೂಟೆ ಇಳಿಸಪ್ಪ," ಎಂದರು ಜಲಜಕ್ಕ. ಲೋಡರ್ ಇಳಿಸಿದ. ಅವರು ಹೇಳಿದರೆ ಯಾರಾದರೂ ಇಳಿಸುತ್ತಾರೆ. "ಲಕ್ಷ್ಮಣಣ್ಣ, ಶಾರದಾ, ಹುಡುಕೋದು ನಿಲ್ಸಿ. ಔಷಧಿ ನಿಮ್ಮನೇಲಿ ಇರ್ಲಿಲ್ಲ. ನಿಮ್ಮ ಕಾಫೀಲೂ ಇರ್ಲಿಲ್ಲ. ನನ್ನ ಬಟ್ಲಲ್ಲಿತ್ತು. ತಪ್ಪು ನಂದು. ನಿನ್ನೆ ಎಲ್ಲರ ಮುಂದೆ ಹೇಳಿದೆ, ಇವತ್ತು ಎಲ್ಲರ ಮುಂದೇನೇ ವಾಪಸ್ ತಗೊಳ್ತೀನಿ. ನೀರು ಕಾಯಿಸಿ."

ಕಣದ ಕಟ್ಟೆಯ ಮೇಲೆ ಬಟ್ಟಲು ಸಾಲಾದವು. ಶಾರದಕ್ಕ ಕೆಟಲಿನಲ್ಲಿ ನೀರು ತಂದರು. ಪಿಕಪ್ಪಿನ ಡ್ರೈವರ್, ಲೋಡರ್, ಬೇಲಿಯಾಚೆಯ ಇಬ್ಬರು ಹೆಂಗಸರು, ಎಲ್ಲ ಉಸಿರು ಹಿಡಿದು ನಿಂತಿದ್ದರು. ಸುರ್ರ್... ಸುಂಯ್. ಜಲಜಕ್ಕ ದಾಸವಾಳದ ಬುಡಕ್ಕೆ ಉಗಿದರು. ಐದು ಬಟ್ಟಲು, ಐದು ಸಲ. ದಾಸವಾಳಕ್ಕೆ ಆ ದಿನ ಬೇರೆ ನೀರು ಬೇಕಾಗಲಿಲ್ಲ.

"ಚೆನ್ನಾಗಿದೆ," ಎಂದರು. "ರೋಗ ಇಲ್ಲ. ಪಾಸು."

ಶಾರದಕ್ಕ ಜಮಖಾನದ ಮೇಲೆಯೇ ಕೂತುಬಿಟ್ಟರು. ಲಕ್ಷ್ಮಣಣ್ಣನ ಮುಖ ಅರಳಿತು. "ತುಂಬ ಚೆನ್ನಾಗಿದೆಯಾ?"

"ತುಂಬ ಚೆನ್ನಾಗೇನೂ ಇಲ್ಲ. ಒಂದೆರಡು ದಿನ ಜಾಸ್ತಿ ಒಣಗಿಸಿದೀರಿ. ಮುಂದಿನ ವರ್ಷ ನೋಡೋಣ."

"ಅಲ್ಲ, ತಪ್ಪು ಮಾಡಿ ಬಂದೋರು ಒಂದು 'ತುಂಬ' ಹಾಕಿದ್ರೆ ಗಂಟು ಹೋಗ್ತಿತ್ತಾ?" ಎಂದು ಲಕ್ಷ್ಮಣಣ್ಣ ಗೊಣಗಿದರು. ಜಲಜಕ್ಕ ನಕ್ಕರೇ ಹೊರತು ಹಾಕಲಿಲ್ಲ. ತಪ್ಪು ಯಾರ ಕೈಯಿಂದ ಆಯಿತೆಂದು ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ. ಡ್ರೈವರ್ ಮೂಟೆ ಇಳಿಸಿಕೊಡುವಾಗ ನಾನು ಬಾಯಿ ತೆರೆದೆ. "ಒರೆಸಿದ್ದು ನಾನು ಲಕ್ಷ್ಮಣಣ್ಣ. ಕರ್ಚೀಫಲ್ಲಿ." ಸ್ವಂತ ಗಂಟಲು, ಆ ದಿನ ಎರಡನೆಯ ಸಲ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹಾಗಾದ್ರೆ ಆ ಮೂಟೆ ನೀನೇ ಒಳಗೆ ಹೊರು" ಎಂದರು. ಹೊತ್ತೆ. ಕಾಫಿ ಎಷ್ಟು ಭಾರವೆಂದು ಬಟ್ಟಲು ತೊಳೆಯುವವನಿಗೆ ಗೊತ್ತಿರುವುದಿಲ್ಲ.

ಸುದ್ದಿ ನಮಗಿಂತ ಮೊದಲು ಮೂಡಿಗೆರೆ ತಲುಪಿತ್ತು. ಅಧ್ಯಕ್ಷರು ಮೆಟ್ಟಿಲಲ್ಲೇ ಕಾದಿದ್ದರು. "ನೋಡಿ ಜಲಜಮ್ಮ, ನಾನು ಮೊದಲೇ ಸಮಿತೀಲಿ ಹೇಳಿದ್ದೆ. ಹೆಂಗಸಿನ ನಾಲಿಗೆ ನಂಬ್ಕೊಂಡು ಸಂಘ ನಡೆಸೋದು ಕಷ್ಟ ಅಂತ."

"ನಾಲಿಗೆ ಸರಿಯಾಗೇ ಇತ್ತು ಗೌಡ್ರೆ. ಬಟ್ಲಲ್ಲಿ ಏನಿತ್ತೋ ಅದನ್ನೇ ಹೇಳ್ತು. ಬಟ್ಲು ಕೆಟ್ಟಿತ್ತು, ಅದಕ್ಕೆ ನಾನು ಜವಾಬ್ದಾರಿ. ಇವತ್ತೇ ಎಲ್ಲರಿಗೂ ಬರೆದು ಬೋರ್ಡಿಗೆ ಹಾಕ್ತೀನಿ."

ಹಾಕಿದರು. 'ನನ್ನ ಮೇಜಿನಲ್ಲಿ ತಪ್ಪಾಗಿತ್ತು. ನಾಲ್ಕನೆಯದು ಪಾಸು. ಜಲಜ.' ಅಷ್ಟೇ. ಮುಂದಿನ ಚುನಾವಣೆಯಲ್ಲಿ ಅವರ ಹೆಸರನ್ನು ಅಧ್ಯಕ್ಷಸ್ಥಾನಕ್ಕೆ ಸೂಚಿಸಿದವರು ಲಕ್ಷ್ಮಣಣ್ಣ. ಎದ್ದು ನಿಂತು ಟೋಪಿ ಕೊಡವಿ, "ನನ್ನ ಅಂಗಳದಲ್ಲೇ ನಿಂತು ನನ್ನ ಕಾಫಿ ತುಂಬ ಚೆನ್ನಾಗಿಲ್ಲ ಅಂದ ಹೆಂಗಸು. ಇವ್ರನ್ನ ನಂಬಬಹುದು" ಎಂದರು. ಆ ಭಾಷಣವನ್ನು ನಾನು ಈಗಲೂ ಅಣಕಿಸುತ್ತೇನೆ. ಆದರೆ ಲಕ್ಷ್ಮಣಣ್ಣನ ಎದುರಿಗೇ.

ಚಮಚದ ಆಸೆ ಹೇಳಿದೆನಲ್ಲ. ಮಾರನೆಯ ದಿನ ನಾನು ಎಲ್ಲರಿಗಿಂತ ಮೊದಲೇ ಹೋಗಿ, ಕೈ ಚಾಚಿ ನಿಂತೆ. ಜಲಜಕ್ಕ ಆ ಕೈಯಲ್ಲಿ ಪೊರಕೆ ಇಟ್ಟರು. "ಸಾಹೇಬ್ರು ದೊಡ್ಡ ಮನುಷ್ಯ, ಮಾರನೇ ದಿನಾನೇ ಚಮಚ ಕೊಟ್ರು. ನಾನು ಅಷ್ಟು ದೊಡ್ಡೋಳಲ್ಲ. ಒಂದು ಮಳೆಗಾಲ ಗುಡಿಸು, ನೋಡೋಣ." ಗುಡಿಸಿದೆ. ಗುಡಿಸುತ್ತ ಅವರ ಪಕ್ಕ ನಿಂತು ನೋಡಿದೆ, ಮೂಸಿದೆ, ನೀರಿನಲ್ಲಿ ಸುರ್ರ್ ಅಭ್ಯಾಸ ಮಾಡಿದೆ. ಮಳೆ ಮುಗಿದ ಮೇಲೆ ಚಮಚ ಕೈಗೆ ಬಂತು. ಮೊದಲ ಗುಟುಕು ಎಳೆದೆ. ಸುರ್ರ್... ಸುಂಯ್.

ನಾನೇ ಬೆಚ್ಚಿದೆ. ಅಣಕಿಸಲು ನೋಡಿದಾಗ ಬಾರದ್ದು ಅಣಕಿಸದೆ ಇದ್ದಾಗ ಬಂದಿತ್ತು. ಜಲಜಕ್ಕ ಡಬ್ಬದ ಹತ್ತಿರ ಹೋಗಿ, ಉಗಿಯಲೂ ಆಗದೆ ನುಂಗಲೂ ಆಗದೆ ನಗತೊಡಗಿದರು. "ಅದು ನಂದಲ್ಲ ಮಾರಾಯ! ಸಾಹೇಬ್ರದ್ದು. ಅವ್ರಿಗೆ ಮುಂದಿನ ಎರಡು ಹಲ್ಲಿನ ಮಧ್ಯೆ ಇಷ್ಟಗಲ ಸಂದಿ. ಸದ್ದು ಮಾಡಿ ಕುಡಿಯೋದು ನಂಗೇನು ಗೊತ್ತು, ನಮ್ಮನೇಲಿ ಹೆಣ್ಮಕ್ಕಳು ಸದ್ದು ಮಾಡಿದ್ರೆ ಸೌಟಲ್ಲಿ ಬೀಳ್ತಿತ್ತು. ಅವ್ರು ಮಾಡಿದಂಗೇ ಮಾಡ್ಬೇಕು ಅಂದ್ಕೊಂಡು ಸೀಟಿನೂ ಸೇರಿಸಿ ಕಲಿತೆ. ಸೀಟಿ ಪಾಠದಲ್ಲಿಲ್ಲ ಅಂತ ಅವ್ರೂ ಹೇಳ್ಲಿಲ್ಲ." ನಗು ನಿಂತ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡರು. "ಅವ್ರು ಹೋಗಿ ಎಷ್ಟೋ ವರ್ಷ ಆಯ್ತು. ಹಲ್ಲಿನ ಸಂದಿ ಇನ್ನೂ ಕೆಲಸ ಮಾಡ್ತಿದೆ ನೋಡು."

ಬಸ್ಸಿಗೆ ಬರೋಣ. ಹಿಂದಿನ ಎರಡು ದಿನ ಕಳಸದ ಬೆಳೆಗಾರರಿಗೆ ರುಚಿ ನೋಡುವುದನ್ನು ಕಲಿಸಿ ಬರುತ್ತಿದ್ದೆ, ಹೌದು, ನಾನೇ. ನಾನು ಮುಖ ಕಿವುಚಿದ್ದನ್ನು ಕಂಡ ಅಜ್ಜಿ ಕರ್ಚೀಫನ್ನು ನನ್ನತ್ತ ಚಾಚಿದರು. "ನೆಗಡಿಯಾ ತಮ್ಮ? ತಗೋ, ಒಂಚೂರು ಎಳಿ."

"ಬೇಡ ಅಜ್ಜಿ. ನಾಳೆ ಕೆಲಸ ಇದೆ, ಮೂಗು ಚೊಕ್ಕ ಇರ್ಬೇಕು."

"ಮೂಗಿಗೆಂಥ ಕೆಲಸ?"

"ಕಾಫಿ ಕುಡಿ‌ದು ಉಗಿಯೋದು."

"ಅದಕ್ಕೂ ಸಂಬಳ ಕೊಡ್ತಾರಾ?" ಎಂದು ಅಜ್ಜಿ ಪೂರ್ತಿ ನನ್ನ ಕಡೆ ತಿರುಗಿ ಕೂತರು. "ಹೆಂಗೆ ಕುಡೀತೀಯ, ತೋರ್ಸು."

ಬೇಡಿಕೆ ಬಂದರೆ ನನಗೆ ತಡೆದುಕೊಳ್ಳಲಾಗದು. ನೀರಿನ ಬಾಟಲಿಯ ಮುಚ್ಚಳಕ್ಕೆ ಒಂದಿಷ್ಟು ನೀರು ಬಿಟ್ಟುಕೊಂಡು ಎಳೆದೆ. ಸುರ್ರ್... ಸುಂಯ್!

ಬಸ್ಸು ಗಕ್ಕನೆ ನಿಂತಿತು. ಮುಂದಿದ್ದವರೆಲ್ಲ ಇನ್ನೂ ಮುಂದಕ್ಕೆ ಬಾಗಿದರು, ಮೇಲಿಟ್ಟ ಯಾರದೋ ಬಾಳೆಗೊನೆ ಕೆಳಗೆ ಬಂತು. ಎರಡೂ ಕಡೆ ಕಾಫಿ ತೋಟ, ಇಳಿಯಲು ಎದ್ದವರು ಒಬ್ಬರೂ ಇಲ್ಲ. ಕಂಡಕ್ಟರ್ ತನ್ನ ಕೈಯಲ್ಲಿದ್ದ ಸೀಟಿಯನ್ನೊಮ್ಮೆ ನೋಡಿಕೊಂಡು, ಸಾಲು ಸಾಲಾಗಿ ನಮ್ಮ ಮುಖ ನೋಡುತ್ತ ಬಂದರು. "ಯಾರ್ರೀ ಅದು ಸೀಟಿ ಹೊಡೆದಿದ್ದು?"

ಅಜ್ಜಿ ಕಿಟಕಿಯ ಹೊರಗೆ ಏನನ್ನೋ ಬಹಳ ಆಸಕ್ತಿಯಿಂದ ನೋಡತೊಡಗಿದರು. ಹಿಂದಿನ ಸೀಟಿನಿಂದ ಕೇಳಿಸುವ ಹಾಗೆ ಬೇರೆಯವರ ದನಿಯಲ್ಲಿ 'ನಾನಲ್ಲ ಸಾರ್' ಎನ್ನುವ ವಿದ್ಯೆಯನ್ನು ನಾನು ಇವತ್ತಿಗೂ ಮರೆತಿಲ್ಲ. ಹೊಡೆದದ್ದು ನಾನಲ್ಲ, ಚಿಕ್ಕಮಗಳೂರಿನಲ್ಲಿದ್ದ ಸಾಹೇಬರೊಬ್ಬರ ಹಲ್ಲಿನ ಸಂದಿ ಎಂದರೂ ಸುಳ್ಳೇನಲ್ಲ. ಬಸ್ಸಿನ ತುಂಬ ನೀಲಗಿರಿಯ ವಾಸನೆ.

ಎದ್ದು ನಿಂತೆ. "ನಾನು," ಎಂದೆ.

ಗಂಟಲು ಕಿರ್ರ್ ಎನ್ನಲಿಲ್ಲ ಈ ಸಲ.